ನಮ್ಮ ನಲ್ಲಿಯ ತವರುಮನೆ: ಶಿವನಸಮುದ್ರ

ಬೆಂಗಳೂರಿನ ಸಂಜಯನಗರದ ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಬಂದ ದಿನ ಸಂಪು ತುಂಬಿಸು, ಕೊಡ ತುಂಬಿಸು ಎನ್ನುವ ಗಡಿಬಿಡಿಯಲ್ಲಿ ಕಾಫಿಯೂ ಆರಿಹೋಗುತ್ತದೆ. ಅಂಥದೇ ಒಂದು ಬೆಳಿಗ್ಗೆ ನಮ್ಮ ಅತ್ತೆಯವರು, “ದಿನಾ ಕಾವೇರಿ ಬಂತು, ಕಾವೇರಿ ಬಂತು ಅಂತೀರಲ್ಲ, ಆ ತಾಯಿ ಎಲ್ಲಿಂದ ಬರ್ತಾಳೆ ಅಂತ ನನಗೂ ಒಂದ್ಸಲ ತೋರಿಸ್ರೇ” ಎಂದರು. ಹೀಗೆ ನಿಶ್ಚಯವಾಯಿತು ನಮ್ಮ ಶಿವನಸಮುದ್ರದ ಪ್ರವಾಸ.

ಆಗಸ್ಟ್ ತಿಂಗಳ ಒಂದು ಭಾನುವಾರ, ಪಕ್ಕದ ಮನೆಯವರೂ ಸೇರಿ ಹನ್ನೊಂದು ಜನ ಟೆಂಪೋದಲ್ಲಿ ಹೊರಟೆವು. ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ. (ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನದ ತನಕ ಹುಳಿಯಾಗದು.) ಕನಕಪುರ, ಸಾತನೂರು, ಹಲಗೂರು ದಾಟಿ, ಸುಮಾರು 130 ಕಿಲೋಮೀಟರ್ ದಾರಿ.

ಇಲ್ಲಿ ಕಾವೇರಿ ಎರಡು ಕವಲಾಗಿ ನಡುವೆ ಒಂದು ದ್ವೀಪವನ್ನು ಬಿಟ್ಟು ಹರಿಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ದ್ವೀಪದಲ್ಲಿರುವವನು ಮಧ್ಯರಂಗ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ನಾವು ಮೊದಲು ರಂಗನಾಥನಿಗೆ ಕೈಮುಗಿದು ಭರಚುಕ್ಕಿಗೆ ಹೋದೆವು.

ಅಬ್ಬಾ, ಆ ನೋಟ! ಬಂಡೆಯ ಉದ್ದಕ್ಕೂ ಹತ್ತಾರು ಧಾರೆಗಳು, ಹಾಲು ಉಕ್ಕಿ ಚೆಲ್ಲಿದ ಹಾಗೆ. ಮೈಮರೆತಿದ್ದೆವು. ಅಷ್ಟರಲ್ಲಿ ನನ್ನ ಮೈದುನನ ಮಗಳು ಫೋಟೋ ಬೇಕೆಂದು ಕಂಬಿ ದಾಟಿ, ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಟ್ಟೇಬಿಟ್ಟಳು. ಚಪ್ಪಲಿ ಸರ್ರನೆ ಜಾರಿತು. ಪಕ್ಕದಲ್ಲೇ ಇದ್ದ ಅತ್ತೆಯವರು ಅವಳ ಜಡೆಯನ್ನೇ ಹಿಡಿದೆಳೆದರು. ಜಡೆ ಹಿಡಿದದ್ದಕ್ಕೆ ಅತ್ತಳು, ಆಮೇಲೆ ಕೆಳಗೆ ನೋಡಿ ಅಳುವುದನ್ನೇ ಮರೆತಳು. ನನ್ನ ಕೈಕಾಲು ಅರ್ಧ ಗಂಟೆ ನಡುಗುತ್ತಲೇ ಇತ್ತು.

ಸೌತೇಕಾಯಿ ಮಾರುತ್ತಿದ್ದ ಹೆಂಗಸು ಹೇಳಿದ ಮಾತನ್ನು ನೀವೂ ನೆನಪಿಡಿ: “ಅವ್ವಾ, ಇಲ್ಲಿ ಬಿಸಿಲಿದ್ರೂ ನಂಬಬ್ಯಾಡಿ. ಮ್ಯಾಲೆ ಮಳೆ ಹುಯ್ದ್ರೆ, ಡ್ಯಾಮಲ್ಲಿ ನೀರು ಬಿಟ್ರೆ, ನೀರು ಏರ್ಬುಡ್ತದೆ.” ನಿಜ. ಕನ್ನಂಬಾಡಿ, ಕಬಿನಿ ಎರಡೂ ಮೇಲೆಯೇ ಇವೆ.

ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ನೋಡುವುದೇ ಚೆನ್ನ. ಸುಮಾರು 300 ಅಡಿ ಆಳದ ಕಮರಿಗೆ ನದಿ ಧುಮುಕುತ್ತದೆ. ಈ ಬೀಳುವ ನೀರಿನಿಂದಲೇ 1902ರಲ್ಲಿ ವಿದ್ಯುತ್ ತಯಾರಿಸಿ, ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದರು. ಇದಕ್ಕೆ ಶ್ರಮಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ದೀಪ ನೋಡುವ ಯೋಗ ಅವರಿಗಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗೂ ಬೆಳಕು ಬಂತು.

ಇನ್ನು ನಲ್ಲಿಯ ವಿಷಯ. ಶಿವನಸಮುದ್ರದ ಬಳಿ ಕಾವೇರಿಯಿಂದ ತಿರುಗಿಸಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರ ಹತ್ತಿಸಬೇಕು. 1974ರಲ್ಲಿ ಮೊದಲ ಹಂತ, 2024ರಲ್ಲಿ ಐದನೆಯದು. ಇದನ್ನೆಲ್ಲ ವಿವರಿಸಿದಾಗ ಅತ್ತೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೋಗುವವರಿಗೆ ನಾಲ್ಕು ಮಾತು:

ಜುಲೈಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಂಡೆಯೇ ಹೆಚ್ಚು.

ಹಿಡಿತವಿರುವ ಚಪ್ಪಲಿ ಹಾಕಿ. ಮಂಡಿನೋವಿನವರು ಮೇಲಿನಿಂದಲೇ ನೋಡಿ ತೃಪ್ತಿಪಡಲಿ.

ಮಕ್ಕಳ ಕೈ ಬಿಡಬೇಡಿ. ಕಂಬಿ ದಾಟಬೇಡಿ, ನೀರಿಗಿಳಿಯಬೇಡಿ.

ಊಟದ ಎಲೆ, ಪ್ಲಾಸ್ಟಿಕ್ ಚೀಲ ಅಲ್ಲಿ ಎಸೆಯದೆ ವಾಪಸು ತನ್ನಿ.

ಈಗ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ಮೊನ್ನೆ ನಾನು ನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದೆ. ಒಳಗಿಂದ ಅತ್ತೆಯವರ ದನಿ ಬಂತು: “ನೂರು ಕಿಲೋಮೀಟರ್ ಬೆಟ್ಟ ಹತ್ತಿ ಬಂದವಳನ್ನ ಬಾಗಿಲಿಂದಲೇ ಬಚ್ಚಲಿಗೆ ಕಳಿಸ್ತೀಯಲ್ಲೇ!”

ಓಡಿಹೋಗಿ ನಲ್ಲಿ ನಿಲ್ಲಿಸಿದೆ.