ದಾನಪತ್ರಕ್ಕೆ ಸಾಕ್ಷಿ ಹಾಕುವ ಮುನ್ನ: ಹಿರಿಯರ ಪೋಷಣೆಯ ಷರತ್ತಿನ ಕುರಿತು ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ಮನೆ, ಜಮೀನುಗಳನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟ ನಂತರ ಊಟಕ್ಕೂ ಔಷಧಕ್ಕೂ ಪರದಾಡುವ ಹಿರಿಯರು ನ್ಯಾಯ ಕೇಳಿಕೊಂಡು ಮೊದಲು ಬರುವುದು ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೇ. ಹಲವು ವೇಳೆ ಆ ಪತ್ರಕ್ಕೆ ಸಾಕ್ಷಿ ಹಾಕಿದವರೂ ಅದೇ ಸದಸ್ಯರಾಗಿರುತ್ತಾರೆ. ಸಾಕ್ಷಿ ಹಾಕುವ ದಿನವೇ ಪತ್ರದಲ್ಲಿ ಒಂದು ವಾಕ್ಯ ಇದೆಯೇ ಇಲ್ಲವೇ ಎಂದು ನೋಡಿದ್ದರೆ ಮುಂದಿನ ತೊಂದರೆಯ ಬಹುಭಾಗ ತಪ್ಪುತ್ತಿತ್ತು. ಆ ವಾಕ್ಯ ಯಾವುದು, ಅದಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಕಲಂ 23ರ ಪ್ರಕಾರ, 60 ವರ್ಷ ತುಂಬಿದ ವ್ಯಕ್ತಿಯು ತನ್ನ ಮೂಲಭೂತ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತಿನೊಂದಿಗೆ ಆಸ್ತಿಯನ್ನು ದಾನವಾಗಿ ಅಥವಾ ಬೇರೆ ರೀತಿಯಲ್ಲಿ ವರ್ಗಾಯಿಸಿದ್ದು, ಪಡೆದವರು ಅದನ್ನು ಪಾಲಿಸದಿದ್ದರೆ, ಆ ವರ್ಗಾವಣೆಯು ವಂಚನೆ ಅಥವಾ ಬಲವಂತದಿಂದ ಆದುದೆಂದು ಭಾವಿಸಲ್ಪಡುತ್ತದೆ. ಹಿರಿಯರು ಅಪೇಕ್ಷಿಸಿದಲ್ಲಿ ನ್ಯಾಯಮಂಡಳಿಯು ಅದನ್ನು ಅನೂರ್ಜಿತವೆಂದು ಘೋಷಿಸಬಹುದು. ಇಲ್ಲಿ ಮುಖ್ಯವಾದುದು ‘ಷರತ್ತಿನೊಂದಿಗೆ’ ಎಂಬ ಮಾತು. ಪಡೆದವರು ಮಗನೇ ಆಗಿರಬೇಕೆಂದಿಲ್ಲ. ಸೊಸೆಗೆ ಬರೆದುಕೊಟ್ಟಿದ್ದರೂ ಈ ಕಲಂ ಅನ್ವಯಿಸುತ್ತದೆ.

ನಮ್ಮ ಕಡೆಯ ದಾನಪತ್ರಗಳಲ್ಲಿ ರೂಢಿಯಾಗಿ ಬರುವ ಒಕ್ಕಣೆಯನ್ನು ಸದಸ್ಯರು ಬಲ್ಲರು: ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವ ಹಕ್ಕೂ ಇರುವುದಿಲ್ಲ, ಇತ್ಯಾದಿ. ಕೇಳಲು ಇದು ಹಿತವಾಗಿದೆ. ಹಿರಿಯರಿಗೆ ಮುಳುವಾಗುವುದೂ ಇದೇ. ಕಲಂ 23ರ ಪ್ರಯೋಜನ ಪಡೆಯಲು ಪೋಷಣೆಯ ಷರತ್ತು ಇತ್ತೆಂಬುದು ನ್ಯಾಯಮಂಡಳಿಯ ಮುಂದೆ ಸಾಬೀತಾಗಲೇಬೇಕು, ಆಸ್ತಿ ಕೊಟ್ಟ ಮಾತ್ರಕ್ಕೆ ಷರತ್ತಿತ್ತೆಂದು ಊಹಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿ 2ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಮಧ್ಯಪ್ರದೇಶದ ತಾಯಿಯೊಬ್ಬರು ಮಗನಿಗೆ ಮಾಡಿದ್ದ ದಾನವನ್ನು ರದ್ದುಪಡಿಸಿ, ಸ್ವಾಧೀನವನ್ನೂ ತಾಯಿಗೆ ಮರಳಿ ಕೊಡಿಸಿತು. ಆ ಪ್ರಕರಣದಲ್ಲಿ ದಾನಪತ್ರವಾದ ದಿನವೇ, ತಾಯಿಯನ್ನು ನೋಡಿಕೊಳ್ಳುವುದಾಗಿ ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಎರಡನ್ನೂ ಕೂಡಿಸಿ ಓದಿದ ನ್ಯಾಯಾಲಯವು, ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಕೂಲವಾಗುವಂತೆ ಅರ್ಥೈಸಬೇಕೆಂದು ಹೇಳಿತು. ಬರಹದಲ್ಲಿದ್ದ ಮಾತೇ ಆ ತಾಯಿಯ ಕೈ ಹಿಡಿಯಿತು.

ಆದ್ದರಿಂದ ಪತ್ರದ ಕರಡು ಓದುವಾಗ ಈ ಅರ್ಥದ ವಾಕ್ಯವೊಂದಿದೆಯೇ ಎಂದು ನೋಡತಕ್ಕದ್ದು: ‘ಸ್ವತ್ತನ್ನು ಪಡೆದವರು ನನಗೂ ನನ್ನ ಪತ್ನಿಗೂ ನಮ್ಮ ಜೀವಿತಾವಧಿಯವರೆಗೆ ಅನ್ನ, ವಸ್ತ್ರ, ವಸತಿ ಮತ್ತು ವೈದ್ಯಕೀಯ ಉಪಚಾರ ಒದಗಿಸಬೇಕೆಂಬ ಷರತ್ತಿಗೆ ಒಳಪಟ್ಟು ಈ ದಾನವನ್ನು ಮಾಡಿರುತ್ತೇನೆ.’ ಪತ್ನಿಯ ಹೆಸರು ಬಿಟ್ಟುಹೋಗದಂತೆ ವಿಶೇಷವಾಗಿ ಗಮನಿಸಬೇಕು; ಯಜಮಾನರ ಕಾಲಾನಂತರ ಕಷ್ಟಕ್ಕೆ ಸಿಲುಕುವವರು ಆಕೆಯೇ. ವಾಸದ ಮನೆಯನ್ನು ಸಾಯುವವರೆಗೆ ಅನುಭವಿಸುವ ಹಕ್ಕನ್ನು ಪತ್ರದಲ್ಲಿಯೇ ಉಳಿಸಿಕೊಳ್ಳುವುದಕ್ಕೂ ಅವಕಾಶವಿದೆ. ಮರಣಶಾಸನ ಅಂದರೆ ವಿಲ್ ಇನ್ನೂ ಸುರಕ್ಷಿತ. ಅದು ಬರೆದವರ ಮರಣದ ನಂತರವೇ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು.

ಹಾಗಿದ್ದರೆ ಎಲ್ಲರೂ ವಿಲ್ ಬರೆಯಬಹುದಲ್ಲ ಎಂದು ಕೇಳಬಹುದು. ಪಹಣಿ ತನ್ನ ಹೆಸರಿಗಿಲ್ಲದೆ ಮಗನಿಗೆ ಸಹಕಾರ ಸಂಘದ ಬೆಳೆ ಸಾಲ ಸಿಗುವುದು ಕಷ್ಟ. ಮನೆಯ ಖಾತೆ ಇಲ್ಲದೆ ಬ್ಯಾಂಕಿನ ಸಾಲವೂ ಇಲ್ಲ. ಎಲ್ಲ ಮಕ್ಕಳೂ ದುರಾಸೆಯಿಂದಲೇ ಕೇಳುತ್ತಾರೆಂದು ಭಾವಿಸುವುದು ಸರಿಯಲ್ಲ. ಅಂತಹ ಸಂದರ್ಭದಲ್ಲಿ ಸ್ವಲ್ಪ ಜಮೀನನ್ನು ಷರತ್ತಿನೊಂದಿಗೆ ವರ್ಗಾಯಿಸಿ, ವಾಸದ ಮನೆಯನ್ನು ಹಿರಿಯರ ಹೆಸರಿನಲ್ಲಿಯೇ ಉಳಿಸುವಂತೆ ಸಲಹೆ ನೀಡಬಹುದು.

ಷರತ್ತಿಲ್ಲದೆ ಈಗಾಗಲೇ ಬರೆದುಕೊಟ್ಟಿದ್ದರೆ? ಆಸ್ತಿ ಮರಳಿ ಬರುವುದು ಕಷ್ಟವಾದರೂ ಜೀವನಾಂಶದ ಹಕ್ಕು ಹೋಗುವುದಿಲ್ಲ. ಸ್ವಂತ ದುಡಿಮೆ ಅಥವಾ ಆಸ್ತಿಯಿಂದ ಬದುಕಲಾಗದ ತಂದೆತಾಯಿಗಳು ಕಲಂ 5ರಡಿ ಮಾಸಿಕ ಜೀವನಾಂಶ ಕೋರಬಹುದು. ಕಾಯ್ದೆಯಲ್ಲಿ ಇದರ ಗರಿಷ್ಠ ಮಿತಿ 10,000 ರೂ. ‘ಮಕ್ಕಳು’ ಎಂಬುದರಲ್ಲಿ ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಎಲ್ಲರೂ ಸೇರುತ್ತಾರೆ. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಅದಕ್ಕೆ ವಾರಸುದಾರರಾಗುವ ಬಂಧುವಿನಿಂದ ಕೇಳಬಹುದು.

ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ಮಗ ಬೆಂಗಳೂರಿನಲ್ಲಿದ್ದರೂ ಹಿರಿಯರು ವಾಸವಿರುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ವಕೀಲರನ್ನು ನೇಮಿಸಿಕೊಳ್ಳಬೇಕಾದ ಕಡ್ಡಾಯವಿಲ್ಲ. ಓಡಾಡಲಾಗದವರ ಪರವಾಗಿ ಅವರು ಅಧಿಕಾರ ಕೊಟ್ಟ ಯಾವುದೇ ವ್ಯಕ್ತಿ ಸಲ್ಲಿಸಬಹುದು, ಅಂದರೆ ಸದಸ್ಯರೂ ಸಲ್ಲಿಸಬಹುದು. ನೋಟಿಸ್ ಜಾರಿಯಾದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು; ವಿಶೇಷ ಕಾರಣವಿದ್ದರೆ ಒಮ್ಮೆ 30 ದಿನ ವಿಸ್ತರಿಸಬಹುದು. ಆದೇಶದಿಂದ ಬಾಧಿತರಾದ ಹಿರಿಯರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಊರಿನಲ್ಲಿಯೇ ರಾಜಿ ಮಾಡಿಸುವುದು ಒಳ್ಳೆಯ ರೂಢಿಯೇ. ಆದರೆ ಬಿಳಿ ಹಾಳೆಯ ಮುಚ್ಚಳಿಕೆಗೆ ಬೆಲೆ ಕಡಿಮೆ. ಎರಡು ತಿಂಗಳು ಅಕ್ಕಿ ಕೊಟ್ಟು ಮೂರನೆಯ ತಿಂಗಳು ನಿಲ್ಲಿಸಿದರೆ ಕೇಳುವವರಿಲ್ಲ. ತಂದೆಯನ್ನು ಒಬ್ಬ ಮಗ, ತಾಯಿಯನ್ನು ಇನ್ನೊಬ್ಬ ಎಂದು ಹಂಚಿಬಿಡುವ ರಾಜಿಗಳೂ ಆಗುತ್ತವೆ. ಐವತ್ತು ವರ್ಷ ಜೊತೆಗೆ ಬಾಳಿದವರ ಇಚ್ಛೆಯನ್ನು ಅಲ್ಲಿ ಯಾರೂ ಕೇಳಿರುವುದಿಲ್ಲ. ಇದಕ್ಕಿಂತ ಅರ್ಜಿ ಸಲ್ಲಿಸಿ, ನ್ಯಾಯಮಂಡಳಿಯು ನೇಮಿಸುವ ಸಂಧಾನ ಅಧಿಕಾರಿಯ ಮುಂದೆ ರಾಜಿ ಮಾಡಿಸುವುದು ಮೇಲು. ಆಗ ಆ ರಾಜಿಯೇ ಆದೇಶವಾಗುತ್ತದೆ. ಸಕಾರಣವಿಲ್ಲದೆ ಅದನ್ನು ಪಾಲಿಸದವರಿಂದ ಹಣ ವಸೂಲಿಗೆ ವಾರಂಟ್ ಹೊರಡಿಸಬಹುದು, ಒಂದು ತಿಂಗಳವರೆಗೆ ಸೆರೆವಾಸವನ್ನೂ ವಿಧಿಸಬಹುದು. ತಮ್ಮ ಪಾಲನೆಯಲ್ಲಿರುವ ಹಿರಿಯರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು ಕಲಂ 24ರಂತೆ ಪ್ರತ್ಯೇಕ ಅಪರಾಧ. ಅದಕ್ಕೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂ.ವರೆಗೆ ದಂಡ ಅಥವಾ ಎರಡೂ ಇವೆ.

ಅರ್ಜಿಯೊಂದಿಗೆ ವಯಸ್ಸಿನ ದಾಖಲೆ, ದಾನಪತ್ರದ ನಕಲು, ಪಹಣಿ ಅಥವಾ ಖಾತೆಯ ಪ್ರತಿ, ಮಕ್ಕಳ ವಿಳಾಸ ಹಾಗೂ ಗೊತ್ತಿದ್ದಷ್ಟು ಅವರ ಆದಾಯದ ವಿವರ ಲಗತ್ತಿಸುವುದು ಸೂಕ್ತ. ಬರೆಯಲು ನೆರವು ಬೇಕಾದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ಹಿರಿಯರ ಸಹಾಯವಾಣಿ 14567 ಅನ್ನು ಸಂಪರ್ಕಿಸಬಹುದು. ಸಹಾಯವಾಣಿಯ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುವಂತೆ ಸದಸ್ಯರನ್ನು ಕೋರಲಾಗಿದೆ.