ಮಧುಮೇಹದ ಪಥ್ಯ ಮತ್ತು ಮನೆಯ ಅಡುಗೆ

ಮಧುಮೇಹವಿದೆಯೆಂದು ತಿಳಿದ ದಿನ ಬಹುತೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಚಹಾಕ್ಕೆ ಹಾಕುವ ಸಕ್ಕರೆ. ಆದರೆ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಅದಕ್ಕಿಂತ ದೊಡ್ಡ ಪಾಲು ತಟ್ಟೆಯ ತುಂಬ ಬಡಿಸಿಕೊಳ್ಳುವ ಧಾನ್ಯದ್ದು. ಅಕ್ಕಿ, ಗೋಧಿ, ಜೋಳಗಳಲ್ಲಿರುವ ಪಿಷ್ಟವು ಜೀರ್ಣವಾಗುತ್ತ ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಜೀವಕೋಶಗಳೊಳಗೆ ಸೇರಿಸಬೇಕಾದ ಇನ್ಸುಲಿನ್ ಸಾಲದಾದಾಗ ಅಥವಾ ಅದರ ಕೆಲಸ ಮಂದವಾದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 11.4ರಷ್ಟು, ಅಂದರೆ ಸುಮಾರು 10.1 ಕೋಟಿ ಜನ, ಈ ಸ್ಥಿತಿಯಲ್ಲಿದ್ದಾರೆ.

ಆದ್ದರಿಂದ ಮಧುಮೇಹದಲ್ಲಿ ಬದಲಾಗಬೇಕಾದದ್ದು ದಿನದ ಊಟವೇ. ಮಹಾರಾಷ್ಟ್ರದಲ್ಲಿ ಗೋದಾವರಿಯ ದಡದ ಪೈಠಣವು ಆಹಾರದ ಈ ಬದಲಾವಣೆ ಎಷ್ಟು ಕಷ್ಟದ್ದೆಂಬುದನ್ನೂ ಅದಕ್ಕೆ ಏನೇನು ಆಸರೆಯಿದೆಯೆಂಬುದನ್ನೂ ಒಟ್ಟಿಗೆ ತೋರಿಸುವ ಊರು. ಶಾತವಾಹನರ ರಾಜಧಾನಿಯಾಗಿದ್ದ ಈ ಊರು ಸೇರಿದ ಮರಾಠವಾಡಾ ಪ್ರದೇಶವು 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳೊಡನೆ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಆಡಳಿತ ಬೇರೆಯಾದರೂ ಜೋಳದ ಊಟ ಇಂದಿಗೂ ಎರಡೂ ಕಡೆಗೆ ಸಮಾನವಾಗಿದ್ದು, ಅಲ್ಲಿ ಭಾಕರಿ ಎನಿಸಿಕೊಂಡದ್ದು ಇಲ್ಲಿ ರೊಟ್ಟಿಯಾಗಿದೆ. 1976ರಲ್ಲಿ ಜಾಯಕವಾಡಿ ಅಣೆಕಟ್ಟು ಸಿದ್ಧವಾದ ಮೇಲೆ ಒಣಬೇಸಾಯದ ನೆಲಕ್ಕೆ ಕಾಲುವೆಯ ನೀರು ಬಂದು ಕಬ್ಬು ಹಬ್ಬಿತು, ಪಡಿತರದ ಗೋಧಿ ಮತ್ತು ಅಕ್ಕಿ ಅಡುಗೆಮನೆಯಲ್ಲಿ ಜೋಳದ ಜಾಗವನ್ನು ಹಂಚಿಕೊಂಡವು.

ಆದ್ದರಿಂದ ಮಧುಮೇಹ ಬಂದವರು ಅನ್ನವನ್ನು ಬಿಟ್ಟು ಜೋಳಕ್ಕೆ ಮರಳುವುದು ಸಹಜವಾಗಿಯೇ ಇದೆ, ಅದಕ್ಕೆ ಆಧಾರವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ. ಜೀರ್ಣವಾಗದೆ ಉಳಿಯುವ ಈ ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಆದರೆ ಅದೇ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟವೂ ಇರುವುದರಿಂದ, ಜೋಳವನ್ನು ಔಷಧವೆಂದು ನಂಬಿ ಹೊಟ್ಟೆ ತುಂಬುವವರೆಗೆ ಭಾಕರಿ ತಿಂದವರಿಗೆ ಪರೀಕ್ಷೆಯ ಫಲಿತಾಂಶ ನಿರಾಸೆ ತರುತ್ತದೆ. ಬದಲಾಗಬೇಕಾದದ್ದು ಧಾನ್ಯದ ಬಗೆಗಿಂತ ಹೆಚ್ಚಾಗಿ ಅದರ ಅಳತೆ: ಭಾಕರಿ ಒಂದು ಕಡಿಮೆಯಾಗಿ, ಬೇಳೆ, ಮೊಳಕೆಕಾಳು, ಮೆಂತ್ಯದ ಸೊಪ್ಪು, ಮಜ್ಜಿಗೆ, ರೂಢಿಯಿದ್ದರೆ ಮೊಟ್ಟೆ ಅಥವಾ ಮೀನು ಆ ಜಾಗವನ್ನು ತುಂಬಬೇಕು. ಇಂಡಿಯಾಬ್ ಸಮೀಕ್ಷೆಯ 18,090 ವಯಸ್ಕರ ಮಾಹಿತಿಯಿಂದ 2022ರಲ್ಲಿ ಮಾಡಿದ ಲೆಕ್ಕವೂ ಇದನ್ನೇ ಸೂಚಿಸಿ, ಹೊಸದಾಗಿ ಮಧುಮೇಹ ಕಂಡವರಲ್ಲಿ ಅದರ ಉಪಶಮನಕ್ಕೆ ಒಟ್ಟು ಶಕ್ತಿಯ ಶೇ. 49ರಿಂದ 54ರಷ್ಟು ಶರ್ಕರಪಿಷ್ಟದಿಂದ, ಶೇ. 19ರಿಂದ 20ರಷ್ಟು ಪ್ರೋಟೀನಿನಿಂದ ಬರುವುದು ಅನುಕೂಲವೆಂದು ಅಂದಾಜಿಸಿತು.

ಅಳತೆಯ ಜೊತೆಗೆ ಊಟದ ಹೊತ್ತಿನ ಪ್ರಶ್ನೆಯೂ ಇದೆ. ಮರಾಠವಾಡಾದ ಲಾತೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಜಗನ್ನಾಥ ದೀಕ್ಷಿತರು, ವೈದ್ಯರೂ ರಾಜಕಾರಣಿಯೂ ಆಗಿದ್ದ ಶ್ರೀಕಾಂತ ಜಿಚಕಾರರ ವಿಚಾರವನ್ನು ಆಧರಿಸಿ, ನಿಜವಾಗಿ ಹಸಿವಾದಾಗ ದಿನಕ್ಕೆ ಎರಡೇ ಬಾರಿ, ತಲಾ 55 ನಿಮಿಷದೊಳಗೆ ಊಟ ಮುಗಿಸುವ ಕ್ರಮವನ್ನು ಮಹಾರಾಷ್ಟ್ರದಲ್ಲಿ ಜನಪ್ರಿಯಗೊಳಿಸಿದರು. ನೆನಪಿಡಲು ಸುಲಭವಾಗಿರುವುದೂ ಖರ್ಚಿಲ್ಲದಿರುವುದೂ ಅದರ ಬಲ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟಗಳ ನಡುವಿನ ಅಂತರವನ್ನು ಹಿಗ್ಗಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸಂತ ಏಕನಾಥರ ಊರಾದ ಪೈಠಣದಲ್ಲಿ, ಏಕಾದಶಿಯ ವ್ರತ ವಿಠ್ಠಲನ ಭಕ್ತರಾದ ವಾರಕರಿಗಳ ಬದುಕಿನ ಭಾಗವೇ ಆಗಿರುವಾಗ, ಈ ಎಚ್ಚರಿಕೆಗೆ ಹೆಚ್ಚಿನ ಅರ್ಥವಿದೆ. ಉಪವಾಸದಲ್ಲಿ ಸಕ್ಕರೆ ಇಳಿಯುವ ಭಯ ಒಂದೆಡೆಯಾದರೆ, ಫಲಾಹಾರವೆಂದು ತಿನ್ನುವ ಸಾಬೂದಾಣಿ ಖಿಚಡಿ ಬಹುಮಟ್ಟಿಗೆ ಪಿಷ್ಟವೇ ಆದ್ದರಿಂದ ಸಕ್ಕರೆ ಥಟ್ಟನೆ ಏರುವ ಭಯ ಇನ್ನೊಂದೆಡೆ. ವ್ರತವನ್ನು ಕೈಬಿಡಿ ಎಂಬ ಸಲಹೆಯನ್ನು ಶ್ರದ್ಧಾವಂತರು ಕೇಳುವುದು ಕಷ್ಟ. ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಮುಂಚೆಯೇ ಹೊಂದಿಸಿಕೊಂಡು, ಖಿಚಡಿಯ ಜಾಗದಲ್ಲಿ ಮೊಸರು, ಶೇಂಗಾ, ಸೌತೆಕಾಯಿ ಇಟ್ಟುಕೊಳ್ಳಿ ಎಂದರೆ ಪಾಲಿಸಬಲ್ಲರು.

ಇಷ್ಟೆಲ್ಲ ತಿಳಿದ ಮೇಲೂ ಪಥ್ಯ ಕೆಲವು ತಿಂಗಳಲ್ಲಿ ಸಡಿಲಾಗಲು ಮುಖ್ಯ ಕಾರಣ ಅದನ್ನು ರೋಗಿಯೊಬ್ಬರ ಹೊಣೆಯೆಂದು ಭಾವಿಸುವುದು. ಒಬ್ಬರಿಗೆ ಬೇರೆ ಅಡುಗೆ, ಉಳಿದವರಿಗೆ ಪೂರಣದ ಹೋಳಿಗೆ ಎಂಬ ಏರ್ಪಾಡು ಅಡುಗೆ ಮಾಡುವವರ ದುಡಿಮೆಯನ್ನು ಇಮ್ಮಡಿಸುತ್ತದೆ. ಅಡುಗೆ ಮಾಡುವ ಹೆಂಗಸಿಗೇ ಮಧುಮೇಹವಿದ್ದರಂತೂ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವ ರೂಢಿಯಿಂದಾಗಿ ಅವಳ ಪಾಲಿಗೆ ಪಲ್ಯ ಮುಗಿದು ಅನ್ನ ಉಳಿದಿರುತ್ತದೆ. ಆದ್ದರಿಂದ ಆಹಾರದ ಸಲಹೆಯನ್ನು ವೈದ್ಯರು ರೋಗಿಗೂ ಮನೆಯವರಿಗೂ ಒಟ್ಟಿಗೆ ಹೇಳಬೇಕು, ಬದಲಾದ ತಟ್ಟೆ ಇಡೀ ಮನೆಯ ತಟ್ಟೆಯಾಗಬೇಕು, ಆ ತಟ್ಟೆ ಅಡುಗೆ ಮಾಡುವವಳಿಗೂ ಸರಿಯಾದ ಹೊತ್ತಿಗೆ ಸಿಗಬೇಕು. ಮಧುಮೇಹವು ಒಂದೇ ಕುಟುಂಬದಲ್ಲಿ ಹಲವರನ್ನು ಕಾಡುವ ಕಾಯಿಲೆಯಾದ್ದರಿಂದ, ಒಬ್ಬರಿಗಾಗಿ ಮಾಡಿದ ಈ ಬದಲಾವಣೆ ಅದೇ ಮನೆಯ ಮಕ್ಕಳ ಆರೋಗ್ಯವನ್ನೂ ಕಾಯುತ್ತದೆ.