ಕರು ಹೊತ್ತೊಯ್ಯುವ ಹಕ್ಕಿ ಅಲ್ಲ ರಣಹದ್ದು

ಈಗ ಜೆ.ಪಿ.ನಗರ 7ನೇ ಹಂತ ಅಂತಾರಲ್ಲ, ಅಲ್ಲಿ ಪುಟ್ಟೇನಹಳ್ಳಿ ಕೆರೆ ಆಸುಪಾಸಿನಲ್ಲಿ ನಮ್ಮಪ್ಪ ರಾಗಿ, ಅವರೆ ಬೆಳೀತಿದ್ದರು. ದನ ಸತ್ತರೆ ಊರಾಚೆ ಬೀಳು ಜಮೀನಿಗೆ ಎಳೆದು ಹಾಕೋದು. 1980ರ ಆಚೀಚೆ ನಾನು ದನ ಕಾಯೋ ಹುಡುಗ. ದೂರ ಕೂತು ರಣಹದ್ದು ತಿನ್ನೋದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಮೊದಲು ಬರೋದು ಕಾಗೆ, ಆಮೇಲೆ ನಾಯಿ. ರಣಹದ್ದು ಹೆಣ ಹುಡುಕೋದು ಕಣ್ಣಿನಿಂದ, ಮೂಗಿನಿಂದ ಅಲ್ಲ. ಒಂದು ಇಳಿದರೆ ಅದನ್ನು ಕಂಡು ದೂರದ ಇನ್ನೊಂದು, ಅದನ್ನು ಕಂಡು ಮತ್ತೊಂದು. ಇಳಿದ ಕೂಡಲೇ ಬಾಯಿ ಹಾಕಲ್ಲ, ಸುತ್ತ ಕೂತು ಕಾಯುತ್ತವೆ. ಚರ್ಮ ಸುಲಿಯದ ದನವಾದರೆ ಕಣ್ಣು, ನಾಲಿಗೆ, ಹಿಂಭಾಗ ಹೀಗೆ ಮೆತ್ತಗಿರೋ ಕಡೆಯಿಂದ ಶುರು. ಸುಲಿದದ್ದಾದರೆ ಗುಂಪು ಬಿದ್ದು ಒಂದು ಗಂಟೆಯೊಳಗೆ ಬರೀ ಮೂಳೆ ಉಳಿಸುತ್ತಿದ್ದವು. ವಾಸನೆ ಹಿಡಿಯೋಕೇ ಪುರುಸೊತ್ತು ಕೊಡುತ್ತಿರಲಿಲ್ಲ.

ಹಸು ಈಯುವಾಗಲೂ ಒಂದೆರಡು ಬಂದು ಕೂರುತ್ತಿದ್ದವು. ನಮ್ಮಜ್ಜಿ ಕರು ಹೊತ್ತೊಯ್ಯುತ್ತೆ ಅಂತ ಕೋಲು ಹಿಡಿದು ಓಡಿಸೋರು. ಅವು ಬಂದಿದ್ದು ಮಾಸಿಗೆ. ನಮ್ಮ ರಣಹದ್ದಿನ ಕಾಲಿಗೆ ಎತ್ತಿಕೊಂಡು ಹಾರೋ ಹಿಡಿತವೇ ಇಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಕಾಂಡರ್ ಅಂತ ಇನ್ನೂ ದೊಡ್ಡ ಹಕ್ಕಿ ಇದೆ. ಅಲ್ಲಿನ ದನಗಾರರೂ ಇದೇ ದೂರು ಹೇಳಿ ಅದಕ್ಕೆ ವಿಷ ಇಟ್ಟಿದ್ದಾರೆ. ಅದೂ ಬಹುಪಾಲು ಸತ್ತದ್ದನ್ನೇ ತಿನ್ನೋದು.

ನಾವು ವಿಷ ಇಟ್ಟಿದ್ದು ತಿಳಿಯದೆ. ಜಮೀನು ಲೇಔಟಿಗೆ ಹೋದ ಮೇಲೆ ಹಾರೋಹಳ್ಳಿ ಕಡೆ ಬಂದೆವು. 1997ರ ಸುಮಾರಿಗೆ ನಮ್ಮ ಎತ್ತಿಗೆ ಭುಜ ಊದಿ ಜ್ವರ ಬಂತು. ಮೂರು ದಿನ ನೋವಿನ ಸೂಜಿ ಹಾಕಿಸಿದೆ. ಎತ್ತು ಉಳಿಯಲಿಲ್ಲ, ಗುಡ್ಡದ ಮಗ್ಗುಲಿಗೆ ಎಳೆದು ಹಾಕಿದೆವು. ಹದ್ದುಗಳು ಬಂದವು, ತಿಂದವು. ಯಾವ ಮದ್ದು ಅಂತ ನಾನು ಕೇಳಲಿಲ್ಲ, ಚೀಟಿಯನ್ನೂ ಇಟ್ಟುಕೊಳ್ಳಲಿಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಮದ್ದು ಮಾಂಸದಲ್ಲಿ, ಈಲಿಯಲ್ಲಿ, ಮೂತ್ರಪಿಂಡದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿ ಕೆಲವೇ ದಿನದಲ್ಲಿ ಸಾಯುತ್ತದೆ. ನೂರು ಹೆಣದಲ್ಲಿ ಒಂದಕ್ಕೂ ಕಮ್ಮಿ ಇಂಥದ್ದಿದ್ದರೂ ಸಾಕು, ಯಾಕೆಂದರೆ ಒಂದೇ ಹೆಣಕ್ಕೆ ಹತ್ತಾರು ಸೇರುತ್ತವೆ. ವಿಜ್ಞಾನಿಗಳು ಇದನ್ನು ಪತ್ತೆ ಮಾಡಿ ಪ್ರಕಟಿಸಿದ್ದು 2004ರಲ್ಲಿ. ದನಕ್ಕೆ ಇದನ್ನು ಕೊಡಬಾರದು ಅಂತ ಸರ್ಕಾರ ನಿಲ್ಲಿಸಿದ್ದು 2006ರಲ್ಲಿ. ಅಷ್ಟರಲ್ಲಿ ಬಿಳಿ ಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾಗಿತ್ತು. ಶೋಲೆ ಸಿನಿಮಾ ತೆಗೆದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಅಲ್ಲಿ ಉಳಿದಿರೋದು ಉದ್ದ ಕೊಕ್ಕಿನವು, ಅದೂ ಬೆರಳೆಣಿಕೆಯಷ್ಟು. ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ, ಬೇಗ ಚೇತರಿಸಿಕೊಳ್ಳಲ್ಲ.

ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಹದ್ದಿಗೆ ವಿಷವೇ. 2023ರಲ್ಲಿ ಅವನ್ನೂ ದನಕ್ಕೆ ಕೊಡಬಾರದು ಅಂತ ಆಯಿತು. ನೋವು, ಬಾವಿಗೆ ಮೆಲಾಕ್ಸಿಕಾಮ್ ಇದೆ, ಟಾಲ್ಫೆನಾಮಿಕ್ ಆಸಿಡ್ ಇದೆ. ಇವೆರಡರಿಂದ ಹದ್ದಿಗೆ ತೊಂದರೆಯಿಲ್ಲ. ಹಾಗಾಗಿ ಡಾಕ್ಟರು ಸೂಜಿ ತೆಗೆಯುವಾಗಲೇ ‘ಯಾವ ಮದ್ದು ಸಾರ್?’ ಅಂತ ಕೇಳಿ, ಹೆಸರು ಬರೆಸಿಕೊಳ್ಳಿ. ಮದ್ದು ಯಾವುದೆಂದು ಗೊತ್ತಿಲ್ಲದೆ ದನ ಸತ್ತರೆ ಬಯಲಿಗೆ ಎಳೆಯಬೇಡಿ, ಆಳವಾಗಿ ಗುಂಡಿ ತೋಡಿ ಹೂಳಿ. ನಾನು ಈಗ ಮದ್ದಿನ ಚೀಟಿಗಳನ್ನು ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿಡುತ್ತೇನೆ.